ಮಂಡ್ಯದಲ್ಲಿ ಮಳೆ ಇಲ್ಲ ಅಂದರೆ ಶಿವನಸಮುದ್ರದ ಬಂಡೆ ಮೇಲೆ ಕೂರಬಹುದೇ?

ಮುಂಗಾರು ಶುರುವಾಗುತ್ತಿದ್ದಂತೆ ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಗಗನಚುಕ್ಕಿಯ ವಿಡಿಯೊಗಳು ಓಡಾಡತೊಡಗುತ್ತವೆ. ಜೊತೆಗೆ ಇಂಥ ಸಾಲುಗಳು: "ಇವತ್ತಿನ ದೃಶ್ಯ, ಬೇಗ ಹೋಗಿ ನೋಡಿ", "ನಮ್ ಕಡೆ ಮಳೆನೇ ಇಲ್ಲ, ಆರಾಮಾಗಿ ನೀರಿಗಿಳೀಬಹುದು", "ಕೆಆರ್‌ಎಸ್ ಇನ್ನೂ ತುಂಬಿಲ್ಲ, ಭಯ ಬೇಡ". ಮೊದಲನೆಯದು ಎಷ್ಟೋ ಸಲ ಹಳೆಯ ವಿಡಿಯೊ ಆಗಿರುತ್ತದೆ. ಅದರಿಂದ ಪೆಟ್ರೋಲ್ ಖರ್ಚು, ಅಷ್ಟೆ. ಉಳಿದ ಎರಡನ್ನು ನಂಬಿದರೆ ಜೀವಕ್ಕೇ ಅಪಾಯ.

ಜಲಪಾತ ಎಂದು ಹೋಗುವ ಅನೇಕರಿಗೆ ಶಿವನಸಮುದ್ರ ಒಂದು ದ್ವೀಪ ಎಂಬುದು ನೆನಪಿರುವುದಿಲ್ಲ. ಕಾವೇರಿ ಇಲ್ಲಿ ಎರಡಾಗಿ ಕವಲೊಡೆದು, ಒಂದು ಕಡೆ ಗಗನಚುಕ್ಕಿಯಾಗಿ, ಇನ್ನೊಂದು ಕಡೆ ಭರಚುಕ್ಕಿಯಾಗಿ ಧುಮುಕಿ ಮತ್ತೆ ಒಂದಾಗುತ್ತದೆ. ಶ್ರೀರಂಗಪಟ್ಟಣದ ಆದಿರಂಗ, ತಮಿಳುನಾಡಿನ ಶ್ರೀರಂಗದ ಅಂತ್ಯರಂಗ, ಇವೆರಡರ ನಡುವೆ ಇಲ್ಲಿನ ಮಧ್ಯರಂಗ. ಮೂವರು ರಂಗನಾಥರೂ ಕಾವೇರಿಯ ದ್ವೀಪಗಳಲ್ಲೇ ಇದ್ದಾರೆ. ದ್ವೀಪ ಎಂದ ಮೇಲೆ ಸುತ್ತಲಿನ ನೀರು ಎಲ್ಲಿಂದ ಬರುತ್ತದೆ ಎಂದು ಕೇಳಲೇಬೇಕು.

ಆ ನೀರು ಮಂಡ್ಯದ ಮಳೆಯದಲ್ಲ. ಪಶ್ಚಿಮ ಘಟ್ಟದಲ್ಲಿ ಸುರಿದು ಹಗುರಾದ ಮುಂಗಾರು ಮೋಡಗಳು ನಮ್ಮ ಬಯಲಿಗೆ ಬರುವ ಹೊತ್ತಿಗೆ ಬಹುಪಾಲು ಖಾಲಿ. ಇಲ್ಲಿ ಒಳ್ಳೆಯ ಮಳೆ ಬೀಳುವುದು ಮೇ ತಿಂಗಳಲ್ಲಿ, ಆಮೇಲೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಪುನರ್ವಸು, ಪುಷ್ಯ ಮಳೆ ಭಾಗಮಂಡಲದಲ್ಲಿ ಹಗಲೂ ರಾತ್ರಿ ಹಿಡಿದಿದ್ದರೂ ಗುತ್ತಲಿನಲ್ಲಿ ಒಣಹಾಕಿದ ಬಟ್ಟೆ ನೆನೆಯುವಷ್ಟೂ ಹನಿ ಬಿದ್ದಿರುವುದಿಲ್ಲ. ಹಾಗಾಗಿ ಲೆಕ್ಕ ಎರಡೂ ಕಡೆ ತಪ್ಪುತ್ತದೆ. ಮೇ ತಿಂಗಳ ಗುಡುಗು ಮಳೆ ನಂಬಿ ಗಗನಚುಕ್ಕಿಗೆ ಹೋದವರಿಗೆ ಬರೀ ಬಂಡೆ ಕಾಣುತ್ತದೆ. ಬೇಸಿಗೆಯಲ್ಲಿ ಇರುವ ಅಷ್ಟಿಷ್ಟು ನೀರೂ 1902ರಿಂದ ನಡೆಯುತ್ತಿರುವ, ಕೋಲಾರದ ಚಿನ್ನದ ಗಣಿಗೆ ಕರೆಂಟ್ ಕೊಟ್ಟ ವಿದ್ಯುದಾಗಾರದ ಕಡೆಗೆ ತಿರುಗಿರುತ್ತದೆ. ಜುಲೈನ ಒಣ ಬಿಸಿಲಲ್ಲಿ ಹೋದವರಿಗೆ ಅದೇ ಬಂಡೆಯೇ ಕಾಣುವುದಿಲ್ಲ.

"ಕೆಆರ್‌ಎಸ್ ತುಂಬಿಲ್ಲ" ಎಂಬ ಮಾತು ನಿಜವೇ ಇರಬಹುದು. ಆದರೆ ಅದು ಅರ್ಧ ಕಥೆ. ಕೇರಳದ ವಯನಾಡಿನ ಮಳೆ ನೀರು ಹೊತ್ತು ತರುವ ಕಬಿನಿ, ತಿ. ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಅಂದರೆ ಕೆಆರ್‌ಎಸ್‌ನ ಕೆಳಗೆ, ಶಿವನಸಮುದ್ರದ ಮೇಲೆ. ಕೆಆರ್‌ಎಸ್ ಹಿಡಿಯುವುದು 49.45 ಟಿಎಂಸಿ, ಕಬಿನಿ 19.52 ಮಾತ್ರ. ಚಿಕ್ಕ ಪಾತ್ರೆ ಬೇಗ ತುಂಬುತ್ತದೆ. ಕನ್ನಂಬಾಡಿಯಲ್ಲಿ 124.80 ಅಡಿಯ ಗರಿಷ್ಠ ಮಟ್ಟ ಇನ್ನೂ ದೂರ ಇರುವಾಗಲೇ ಕಬಿನಿಯ ಗೇಟು ಎತ್ತಿ, ಮುಂಗಾರಿನ ಮೊದಲ ದೊಡ್ಡ ನೀರು ಚುಕ್ಕಿಗಳನ್ನು ಮುಟ್ಟಬಹುದು.

ಅಣೆಕಟ್ಟೆಯಲ್ಲಿ ಬಿಟ್ಟ ನೀರು ಇಲ್ಲಿಗೆ ಬರಲು ಗಂಟೆಗಟ್ಟಲೆ ಹಿಡಿಯುತ್ತದೆ. ಬೆಳಿಗ್ಗೆ ಮೊಣಕಾಲು ಮಟ್ಟ ಇದ್ದ ಜಾಗ ಮಧ್ಯಾಹ್ನ ಹಾಗೇ ಇರುತ್ತದೆ ಎನ್ನುವಂತಿಲ್ಲ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್. 50,000 ಕ್ಯೂಸೆಕ್ ಬಿಟ್ಟರೆ ಸೆಕೆಂಡಿಗೆ 14 ಲಕ್ಷ ಲೀಟರ್, ಅಂದರೆ 12,000 ಲೀಟರ್ ಹಿಡಿಯುವ ಟ್ಯಾಂಕರ್‌ಗಳು ನೂರಕ್ಕೂ ಹೆಚ್ಚು, ಪ್ರತಿ ಸೆಕೆಂಡಿಗೆ! 2018ರ ಆಗಸ್ಟ್‌ನ ಪ್ರವಾಹಕ್ಕೆ ಇಲ್ಲಿನ ಹಳೆಯ ಕಲ್ಲಿನ ವೆಸ್ಲಿ ಸೇತುವೆಯ ಒಂದು ಭಾಗವೇ ಕುಸಿದಿತ್ತು.

"ನಂಗೆ ಈಜು ಬರುತ್ತೆ" ಎನ್ನುವವರಿಗೂ ಒಂದು ಮಾತು. ನೀರಿನ ವೇಗ ಎರಡರಷ್ಟಾದರೆ ಅದರ ತಳ್ಳುವ ಬಲ ನಾಲ್ಕರಷ್ಟಾಗುತ್ತದೆ. ರಭಸದಿಂದ ಹರಿಯುವ ಅರ್ಧ ಅಡಿ ನೀರು ಸಾಕು, ದೊಡ್ಡವರನ್ನೇ ಬೀಳಿಸುತ್ತದೆ. ಜಲಪಾತದ ಬುಡದ ಬಿಳಿ ನೊರೆಯಲ್ಲಿ ಗಾಳಿ ತುಂಬಿರುವುದರಿಂದ ಅದು ಮೈಯನ್ನು ಕೆರೆಯ ನೀರಿನಷ್ಟು ತೇಲಿಸುವುದಿಲ್ಲ. ಕೆಳಗಿನ ಮುತ್ತತ್ತಿಯ ಸುಳಿಗಳಿಗೆ ಈಜು ಬಲ್ಲವರೂ ಬಲಿಯಾಗಿದ್ದಾರೆ.

ಹಾಗೆಂದು ಹೋಗಲೇಬೇಡಿ ಎನ್ನುತ್ತಿಲ್ಲ. ನೀರು ಬಂದಾಗಲೇ ಅದು ನೋಡುವ ಜಾಗ. ಹೊರಡುವ ಮುಂಚೆ ಆ ದಿನದ ಪತ್ರಿಕೆಯಲ್ಲಿ ಕೆಆರ್‌ಎಸ್, ಕಬಿನಿ ಎರಡರ ಹೊರಹರಿವನ್ನೂ ನೋಡಿ, ಕೂಡಿ. ಕೆಆರ್‌ಎಸ್ ಲೆಕ್ಕದಲ್ಲಿ ನಾಲೆಗೆ ಬಿಟ್ಟ ನೀರೂ ಸೇರಿರಬಹುದು, ನದಿಗೆ ಎಷ್ಟು ಎಂಬುದನ್ನು ಗಮನಿಸಿ. ಮಳವಳ್ಳಿ ಕಡೆಯ ವೀಕ್ಷಣಾ ಸ್ಥಳದಿಂದ ಗಗನಚುಕ್ಕಿ ಪೂರ್ತಿ ಕಾಣುತ್ತದೆ, ಆಚೆ ದರ್ಗಾ ಬದಿಯ ಬಂಡೆಗಳಿಗೆ ಇಳಿಯುವ ಅಗತ್ಯವೇ ಇಲ್ಲ. ಭರಚುಕ್ಕಿಯ ಮೆಟ್ಟಿಲ ದಾರಿ ಮುಚ್ಚಿದ್ದರೆ ಮೇಲಿಂದಲೇ ನೋಡಿ. ಕೆಳಗಿದ್ದಾಗ ತಿಳಿನೀರು ಇದ್ದಕ್ಕಿದ್ದಂತೆ ಕೆಂಪಾದರೆ, ಕಸಕಡ್ಡಿ ತೇಲಿಬಂದರೆ, ಸದ್ದು ಜೋರಾದರೆ ಚಪ್ಪಲಿ, ಬ್ಯಾಗು ಬಿಟ್ಟು ತಕ್ಷಣ ಮೇಲೆ ಹತ್ತಿ.

ಇನ್ನು "ಇವತ್ತಿನ ದೃಶ್ಯ" ಎಂಬ ವಿಡಿಯೊ ಬಂದರೆ, ಕಳಿಸಿದವರನ್ನು ಒಂದೇ ಪ್ರಶ್ನೆ ಕೇಳಿ: "ನೀವೇ ತೆಗೆದಿದ್ದಾ?"