ಸಾರ್ವಜನಿಕ ನೀತಿ ಮತ್ತು ಆಡಳಿತ ವಿಷಯದ ಸ್ನಾತಕ ಪದವಿ: ಪ್ರವೇಶಾರ್ಥಿಗಳಿಗೆ ಮಾಹಿತಿ

ಸರ್ಕಾರವು ಒಂದು ಯೋಜನೆಯನ್ನು ಏಕೆ ಕೈಗೊಳ್ಳುತ್ತದೆ, ಅದರ ವೆಚ್ಚವನ್ನು ಹೇಗೆ ಅಂದಾಜಿಸುತ್ತದೆ, ಅದರ ಪ್ರಯೋಜನವು ಯಾರನ್ನು ತಲುಪಿತು ಎಂಬುದರ ಅಧ್ಯಯನವೇ ಸಾರ್ವಜನಿಕ ನೀತಿ. ಪಡಿತರ ವಿತರಣೆ, ಬಿಸಿಯೂಟ, ಗ್ರಾಮ ಪಂಚಾಯಿತಿಯ ಆಯವ್ಯಯ ಮುಂತಾದವು ಇದರ ವ್ಯಾಪ್ತಿಗೆ ಬರುತ್ತವೆ. ಪಿ.ಯು.ಸಿ. ತೇರ್ಗಡೆಯಾಗಿ ಈ ವಿಷಯದಲ್ಲಿ ಪದವಿ ಪಡೆಯಲು ಇಚ್ಛಿಸುವವರ ಅನುಕೂಲಕ್ಕಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

1. ಪದವಿಯ ಹೆಸರು:
ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್‌ನ ಎಂ.ಪಿ.ಪಿ. ಸ್ನಾತಕೋತ್ತರ ಪದವಿಯಾಗಿದ್ದು, ಪಿ.ಯು.ಸಿ. ಮಾತ್ರ ಮುಗಿಸಿದವರು ಅದಕ್ಕೆ ಅರ್ಹರಲ್ಲ. ಸ್ನಾತಕ ಹಂತದಲ್ಲಿ ಈ ವಿಷಯವನ್ನು ಬಹುತೇಕ ಬಿ.ಎ. ಪದವಿಯ ಸಾರ್ವಜನಿಕ ಆಡಳಿತ, ರಾಜ್ಯಶಾಸ್ತ್ರ ಅಥವಾ ಅರ್ಥಶಾಸ್ತ್ರದ ಅಂಗವಾಗಿ ಬೋಧಿಸಲಾಗುತ್ತದೆ. ಆದುದರಿಂದ ಕೋರ್ಸಿನ ಹೆಸರನ್ನು ಮಾತ್ರ ನೋಡದೆ ಪಠ್ಯಕ್ರಮವನ್ನು ಪರಿಶೀಲಿಸುವುದು ಸೂಕ್ತ.

2. ಕಾಲೇಜುಗಳಲ್ಲಿ ಪ್ರವೇಶ:
ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯಗಳ ಅಧೀನದ ಕಾಲೇಜುಗಳಿಗೆ ಯು.ಯು.ಸಿ.ಎಂ.ಎಸ್. ಜಾಲತಾಣದ ಮೂಲಕ ಅರ್ಜಿ ಸಲ್ಲಿಸತಕ್ಕದ್ದು. 2024-25ನೇ ಸಾಲಿನಿಂದ ಈ ಕಾಲೇಜುಗಳಲ್ಲಿ ಮೂರು ವರ್ಷಗಳ ಪದವಿ ಪದ್ಧತಿಯನ್ನು ಮತ್ತೆ ಜಾರಿಗೊಳಿಸಲಾಗಿದೆ.

3. ದೂರ ಶಿಕ್ಷಣ:
ಉದ್ಯೋಗದಲ್ಲಿರುವವರು ಹಾಗೂ ಓದನ್ನು ಅರ್ಧಕ್ಕೆ ನಿಲ್ಲಿಸಿದವರು ದೂರ ಶಿಕ್ಷಣದ ಮೂಲಕ ಪದವಿ ಪಡೆಯಬಹುದು. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವು (ಇಗ್ನೋ) ಸಾರ್ವಜನಿಕ ಆಡಳಿತದಲ್ಲಿ ಬಿ.ಎ. ಪದವಿ ನೀಡುತ್ತದೆ. ಜನವರಿ ಮತ್ತು ಜುಲೈ ಎಂಬ ಎರಡು ಪ್ರವೇಶ ಅವಧಿಗಳಿದ್ದು, ಬೆಂಗಳೂರು ಹಾಗೂ ವಿಜಯಪುರದಲ್ಲಿ ಪ್ರಾದೇಶಿಕ ಕೇಂದ್ರಗಳಿವೆ. ಮೈಸೂರಿನಲ್ಲಿ 1996ರಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಬಿ.ಎ. ವಿಷಯ ಸಂಯೋಜನೆಗಳನ್ನು ಆಯಾ ಸಾಲಿನ ಪ್ರವೇಶ ಕೈಪಿಡಿಯಲ್ಲಿ ನೋಡಬಹುದು. ಕನ್ನಡ ಮಾಧ್ಯಮದ ಅಭ್ಯರ್ಥಿಗಳು ಬೋಧನೆ ಹಾಗೂ ಪರೀಕ್ಷೆಯ ಮಾಧ್ಯಮವನ್ನು ಮೊದಲೇ ಖಚಿತಪಡಿಸಿಕೊಳ್ಳತಕ್ಕದ್ದು.

4. ಮಾನ್ಯತೆ (ಶುಲ್ಕ ಪಾವತಿಸುವ ಮೊದಲು ಗಮನಿಸಿ):
ವಿಶ್ವವಿದ್ಯಾಲಯ ಅನುದಾನ ಆಯೋಗದ 2020ರ ನಿಯಮಾವಳಿಯಂತೆ, ಮಾನ್ಯತೆ ಪಡೆದ ಸಂಸ್ಥೆಯ ದೂರ ಶಿಕ್ಷಣ ಪದವಿಯು ಕಾಲೇಜಿನ ಪದವಿಗೆ ಸಮಾನ. ಆದರೆ ದೂರ ಶಿಕ್ಷಣದ ಮಾನ್ಯತೆಯನ್ನು ನಿರ್ದಿಷ್ಟ ಕೋರ್ಸು ಹಾಗೂ ನಿರ್ದಿಷ್ಟ ಸಾಲುಗಳಿಗೆ ನೀಡಲಾಗುತ್ತದೆ. 2015ರಲ್ಲಿ ಆಯೋಗವು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಮಾನ್ಯತೆಯನ್ನು ಹಿಂದಿನ ಸಾಲುಗಳಿಗೂ ಅನ್ವಯವಾಗುವಂತೆ ಹಿಂಪಡೆದಾಗ, ಅದಾಗಲೇ ಪ್ರವೇಶ ಪಡೆದಿದ್ದ ವಿದ್ಯಾರ್ಥಿಗಳು ತೀವ್ರ ತೊಂದರೆಗೆ ಒಳಗಾದರು. 2018-19ನೇ ಸಾಲಿನಿಂದ ಮಾನ್ಯತೆ ಪುನಃ ದೊರೆತಿದೆ. ಯಾವುದೇ ಸಂಸ್ಥೆಯಾದರೂ ತಾವು ಸೇರಲಿರುವ ಸಾಲಿಗೆ ಹಾಗೂ ಕೋರ್ಸಿಗೆ ಮಾನ್ಯತೆ ಇದೆಯೇ ಎಂಬುದನ್ನು ಆಯೋಗದ ದೂರ ಶಿಕ್ಷಣ ಬ್ಯೂರೋ ಜಾಲತಾಣದಲ್ಲಿ ಪರಿಶೀಲಿಸತಕ್ಕದ್ದು. ಫ್ರಾಂಚೈಸಿ ಕೇಂದ್ರಗಳ ಮೂಲಕ ಪ್ರವೇಶ ನೀಡುವುದನ್ನು ನಿಷೇಧಿಸಲಾಗಿರುವುದರಿಂದ, ಮಧ್ಯವರ್ತಿಗಳಿಗೆ ಹಣ ನೀಡಬಾರದು.

5. ಅಗತ್ಯ ದಾಖಲೆಗಳು:
ಅ) ಎಸ್.ಎಸ್.ಎಲ್.ಸಿ. ಮತ್ತು ಪಿ.ಯು.ಸಿ. ಅಂಕಪಟ್ಟಿಗಳು
ಆ) ಕಾಲೇಜು ಪ್ರವೇಶಕ್ಕೆ ವರ್ಗಾವಣೆ ಪ್ರಮಾಣಪತ್ರ
ಇ) ಮೀಸಲಾತಿ ಕೋರುವವರಿಗೆ ಜಾತಿ ಮತ್ತು ಆದಾಯ ಪ್ರಮಾಣಪತ್ರ, ಕಲ್ಯಾಣ ಕರ್ನಾಟಕದವರಿಗೆ 371ಜೆ ಅರ್ಹತಾ ಪ್ರಮಾಣಪತ್ರ
ಈ) ದೂರ ಶಿಕ್ಷಣಕ್ಕೆ ಎ.ಬಿ.ಸಿ. ಹಾಗೂ ಡಿ.ಇ.ಬಿ. ಗುರುತಿನ ಸಂಖ್ಯೆಗಳು

ಎಲ್ಲ ದಾಖಲೆಗಳಲ್ಲಿ ಹೆಸರು ಒಂದೇ ರೀತಿ ಇರುವಂತೆ ನೋಡಿಕೊಳ್ಳತಕ್ಕದ್ದು. ವಿದ್ಯಾರ್ಥಿವೇತನ ಬಯಸುವವರು ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದಲ್ಲಿ ಪ್ರತ್ಯೇಕವಾಗಿ ಅರ್ಜಿ ಸಲ್ಲಿಸತಕ್ಕದ್ದು.

6. ಪದವಿಯ ನಂತರ:
ಈ ಪದವಿಯಿಂದ ನೇರವಾಗಿ ಸರ್ಕಾರಿ ಹುದ್ದೆ ದೊರೆಯುವುದಿಲ್ಲ. ಕೇಂದ್ರ ನಾಗರಿಕ ಸೇವಾ ಪರೀಕ್ಷೆಗೆ ಮಾನ್ಯತೆ ಪಡೆದ ವಿಶ್ವವಿದ್ಯಾಲಯದ ಯಾವುದೇ ಪದವಿ ಸಾಕು. ಸಾರ್ವಜನಿಕ ಆಡಳಿತವು ಅದರ ಐಚ್ಛಿಕ ವಿಷಯಗಳಲ್ಲಿ ಒಂದು. ಹುದ್ದೆ ಖಚಿತವೆಂದು ಭರವಸೆ ನೀಡುವ ಜಾಹೀರಾತುಗಳನ್ನು ನಂಬಬಾರದು.

ಅರ್ಜಿಯ ಕೊನೆಯ ದಿನಾಂಕ ಹಾಗೂ ಶುಲ್ಕದ ವಿವರಗಳು ಪ್ರತಿ ಸಾಲಿಗೂ ಬದಲಾಗುವುದರಿಂದ, ಸಂಬಂಧಪಟ್ಟ ವಿಶ್ವವಿದ್ಯಾಲಯದ ಅಧಿಸೂಚನೆಯನ್ನು ನೋಡಿಯೇ ಅರ್ಜಿ ಸಲ್ಲಿಸಲು ಕೋರಲಾಗಿದೆ.