ಭಾಗವತಿಕೆಯಲ್ಲಿ ಹೊಸಬರ ತುಲನೆ

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಣ ತಾಲ್ಲೂಕುಗಳಾದ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ, ಬಡಗುತಿಟ್ಟಿನ ಯಕ್ಷಗಾನ ಮೇಳಕ್ಕೆ ಹೊಸದಾಗಿ ಸೇರಿದ ಭಾಗವತನ ಮೊದಮೊದಲ ಆಟಗಳನ್ನು ಅವನ ಓರಗೆಯವರ ಆಟಗಳೊಡನೆಯೂ, ಹಿರಿಯರು ತಮ್ಮ ಎಳೆಯ ಕಾಲದಲ್ಲಿ ತೋರಿದ ಸಾಮರ್ಥ್ಯದೊಡನೆಯೂ ಒತ್ತಟ್ಟಿಗಿಟ್ಟು ತೂಗಿನೋಡುವ ರೂಢಿ ರಸಿಕವರ್ಗದಲ್ಲಿ ಬಹುಕಾಲದಿಂದ ನಡೆದುಬಂದಿದೆ. ಇದು ಗ್ರಂಥಸ್ಥವಾದ ವಿಮರ್ಶೆಯಲ್ಲ. ಇದಕ್ಕೆ ಅಂಕಪಟ್ಟಿಯೂ ಇಲ್ಲ. ಆಟ ಮುಗಿಸಿ ಮನೆಗೆ ನಡೆಯುವ ದಾರಿಯಲ್ಲಿ, ಕೊಯ್ಲಿನ ಕಾಲದ ರಾತ್ರಿಗಳಲ್ಲಿ ಅಡಿಕೆ ಸುಲಿಯಲು ಕೂಡಿದವರ ಮಾತಿನಲ್ಲಿ, ಸಹಕಾರಿ ಸಂಘದ ಜಗಲಿಯ ಮೇಲೆ ಬೆಳೆದ ಶ್ರವಣಪರಂಪರೆ ಇದು. ಆದಕಾರಣ ಇದರ ಇತಿಹಾಸವನ್ನು ತೀರ್ಪುಗಳಿಂದ ಬರೆಯುವುದಕ್ಕಿಂತ, ತೀರ್ಪಿಗೆ ಆಧಾರವಾದ ರಂಗವ್ಯವಸ್ಥೆಯ ಪರಿವರ್ತನೆಗಳಿಂದ ಬರೆಯುವುದೇ ಯುಕ್ತವಾದೀತು.

ವೇಷಧಾರಿಯನ್ನು ಬಿಟ್ಟು ಭಾಗವತನನ್ನೇ ಇಷ್ಟು ಕಟ್ಟುನಿಟ್ಟಾಗಿ ಒರೆಗೆ ಹಚ್ಚುವುದೇಕೆಂಬುದಕ್ಕೆ ಕಾರಣ ಸ್ಪಷ್ಟವಾಗಿದೆ. ಭಾಗವತನೇ ಮೊದಲನೆಯ ವೇಷಧಾರಿಯೆಂಬ ಮಾತು ಯಕ್ಷಗಾನದಲ್ಲಿ ರೂಢವಾದುದು. ರಾಗವನ್ನೂ ಕಾಲವನ್ನೂ ಆಯುವವನು ಅವನು. ಮದ್ದಳೆ ಚಂಡೆಗಳನ್ನು ತನ್ನ ತಾಳಕ್ಕೆ ಹೊಂದಿಸಿಕೊಳ್ಳುವವನು ಅವನು. ಚೌಕಿಯಲ್ಲಿ ವೇಷ ಸಿದ್ಧವಾಗಿಲ್ಲವೆಂದು ತಿಳಿದರೆ ಪದ್ಯವನ್ನು ಬೆಳೆಸಿ, ಮಾತು ಉದ್ದವಾಯಿತೆಂದು ಕಂಡರೆ ಮುಂದಿನ ಪದ್ಯವನ್ನೆತ್ತಿ ಅರ್ಥಗಾರಿಕೆಯನ್ನು ಅಲ್ಲಿಗೇ ನಿಲ್ಲಿಸಿ, ಬೆಳಗಿನ ಮಂಗಳದವರೆಗೆ ಪ್ರಸಂಗವನ್ನು ಒಯ್ದು ಮುಟ್ಟಿಸುವವನೂ ಅವನೇ. ಕಂಠವೊಂದಿದ್ದು ಈ ನಡೆಸುವ ಶಕ್ತಿಯಿಲ್ಲದವನನ್ನು ‘ಪದ್ಯ ಚೆನ್ನ, ಆಟ ಸಪ್ಪೆ’ ಎಂದು ತಳ್ಳಿಹಾಕಬಲ್ಲ ಪ್ರೇಕ್ಷಕರು ಈ ಸೀಮೆಯಲ್ಲಿ ಎಂದೂ ಕಡಿಮೆಯಾದುದಿಲ್ಲ. ಮಳೆಗಾಲದ ತಾಳಮದ್ದಳೆಯಲ್ಲಿ ತಾವೇ ಅರ್ಥ ಹೇಳಿ, ತಾವೇ ತಾಳ ಹಿಡಿದು ಪಳಗಿದ ಕೃಷಿಕರು ಇವರೆಂಬುದನ್ನು ನೆನೆದರೆ ಈ ನಿಷ್ಠುರತೆ ಆಶ್ಚರ್ಯಕರವೆನಿಸದು.

ಇಡೀ ರಾತ್ರಿಯ ಬಯಲಾಟದ ಕಾಲದಲ್ಲಿ ಹೊಸಬನಿಗೆ ಒಂದು ಆಶ್ರಯವಿತ್ತು. ಆಟದ ಆರಂಭದ ಪೂರ್ವರಂಗವನ್ನು, ಎಂದರೆ ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷಗಳ ಕುಣಿತಕ್ಕೆ ಬೇಕಾದ ಹಾಡುಗಳನ್ನು, ‘ಸಂಗೀತಗಾರ’ನೆಂದು ಕರೆಸಿಕೊಳ್ಳುತ್ತಿದ್ದ ಕಿರಿಯನು ಹಾಡುತ್ತಿದ್ದನು, ಪ್ರಸಂಗ ಏರಿದ ಮೇಲೆ ಪ್ರಧಾನ ಭಾಗವತನು ಬಂದು ತಾಳ ಹಿಡಿಯುತ್ತಿದ್ದನು. ಪ್ರೇಕ್ಷಕರು ಇನ್ನೂ ಚಾಪೆ ಹಾಸಿಕೊಳ್ಳುತ್ತಿರುವ ಆ ಹೊತ್ತಿನಲ್ಲಿ ತಾಳ ತಪ್ಪಿದರೂ ಅದು ಮಹಾಪರಾಧವೆನಿಸುತ್ತಿರಲಿಲ್ಲ. ಹೀಗೆ ಕೆಲವು ತಿರುಗಾಟಗಳನ್ನು ಕಳೆದು, ಹಿರಿಯನ ಬೆನ್ನ ಹಿಂದೆ ಕುಳಿತು ಪ್ರಸಂಗದ ನಡೆಯನ್ನು ಕಿವಿಯಿಂದಲೇ ಕಲಿತು, ಅವನು ಅಸ್ವಸ್ಥನಾದ ಒಂದು ರಾತ್ರಿ ಅಕಸ್ಮಾತ್ತಾಗಿ ಬೆಳಗಿನ ಪದ್ಯಗಳಿಗೆ ಬಡ್ತಿ ಪಡೆದ ಹೊಸಬನನ್ನು ಯಾರೊಡನೆ ಹೋಲಿಸಬೇಕೆಂಬುದರಲ್ಲಿ ಸಂದೇಹವೇ ಇರಲಿಲ್ಲ: ಅದೇ ಮೇಳದ, ಅದೇ ಪ್ರಸಂಗದ ಹಿಂದಿನ ಭಾಗವತನೊಡನೆ.

ಈ ಆಶ್ರಯವನ್ನು ಒಮ್ಮೆಲೇ ಕಿತ್ತೊಗೆಯುತ್ತಿದ್ದುದು ಜೋಡಾಟ. ಎರಡು ಮೇಳಗಳು ಒಂದೇ ಬಯಲಿನಲ್ಲಿ ಅಕ್ಕಪಕ್ಕದ ರಂಗಸ್ಥಳಗಳಲ್ಲಿ ಒಂದೇ ಪ್ರಸಂಗವನ್ನು ಏಕಕಾಲಕ್ಕೆ ಆಡುವಾಗ, ತುಲನೆ ನಾಳೆಯ ಮಾತಾಗದೆ ಆ ಕ್ಷಣದ ಕ್ರಿಯೆಯಾಗುತ್ತಿತ್ತು. ಜನರು ಒಂದು ರಂಗಸ್ಥಳದಿಂದ ಇನ್ನೊಂದಕ್ಕೆ ಸರಿಯುವುದೇ ತೀರ್ಪು. ಆದರೆ ಜೋಡಾಟದ ಚಂಡೆಯಬ್ಬರದಲ್ಲಿ ಗೆಲ್ಲುತ್ತಿದ್ದುದು ಬಹುಮಟ್ಟಿಗೆ ಗಟ್ಟಿ ಶಾರೀರ ಮತ್ತು ಏರುಪದ್ಯ. ಕರುಣಾರಸದ ವಿಳಂಬಗತಿಯಲ್ಲಿ ನಿಪುಣನಾದವನು ಅಲ್ಲಿ ಸೋತದ್ದಕ್ಕೆ ಅವನನ್ನು ಕೀಳುಗೈದವರು ಅನ್ಯಾಯವನ್ನೇ ಮಾಡಿದರೆನ್ನಬೇಕು.

1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಹೊನ್ನಾವರದ ಸೀಮೆಯಲ್ಲಿ ಇಡಗುಂಜಿ ಮೇಳವನ್ನು ಕಟ್ಟಿದ ಮೇಲೆ, ಘಟ್ಟದ ಮೇಲಣವರ ಕಿವಿಗೆ ಒಂದು ಸ್ಥಿರವಾದ ಮಾನದಂಡ ದೊರೆಯಿತು. ಶಿರಸಿ ತಾಲ್ಲೂಕಿನವರೇ ಆದ ನೆಬ್ಬೂರು ನಾರಾಯಣ ಭಾಗವತರು ಆ ಮೇಳದಲ್ಲಿ ದಶಕಗಳ ಕಾಲ ಹಾಡಿ, 2019ರಲ್ಲಿ ತೀರಿಕೊಳ್ಳುವವರೆಗೂ, ಅಬ್ಬರವಿಲ್ಲದ ರಂಗಹಿತಕ್ಕೆ ನಿದರ್ಶನವಾಗಿದ್ದರು. ಶಿರಸಿಯ ಕಡೆಯವರೇ ಆದ ಹೊಸ್ತೋಟ ಮಂಜುನಾಥ ಭಾಗವತರು (1940–2020) ಬೇರೊಂದು ದಾರಿ ಹಿಡಿದರು: ಊರೂರಿಗೆ ಹೋಗಿ ತರಗತಿ ನಡೆಸಿ, ಅಂಧವಿದ್ಯಾರ್ಥಿಗಳಿಗೂ ಯಕ್ಷಗಾನ ಕಲಿಸಿ, ಮೇಳದ ಚೌಕಿಯನ್ನು ಕಾಣದ ಮಕ್ಕಳನ್ನೂ ತಾಳಬದ್ಧರನ್ನಾಗಿಸಿದರು. ಉಡುಪಿಯಲ್ಲಿ ಯಕ್ಷಗಾನ ಕೇಂದ್ರ, 1986ರಲ್ಲಿ ಗುಣವಂತೆಯಲ್ಲಿ ಕೆರೆಮನೆ ಶಂಭು ಹೆಗಡೆಯವರ ಶ್ರೀಮಯ ಕಲಾಕೇಂದ್ರ ಹುಟ್ಟಿದ ಬಳಿಕ, ಕೇಂದ್ರದಲ್ಲಿ ಕಲಿತು ಬಂದವನೂ ಮೇಳದಲ್ಲಿ ಬಿದ್ದೆದ್ದು ಕಲಿತವನೂ ಒಂದೇ ತಕ್ಕಡಿಗೆ ಬಂದರು. ಮೊದಲನೆಯವನ ಆರಂಭ ಶುದ್ಧವಾಗಿಯೂ ಎರಡನೆಯವನದು ಒರಟಾಗಿಯೂ ಕಂಡುದು ಸಹಜವೇ.

ತುಲನೆಯ ಸ್ವರೂಪವನ್ನು ಸಮೂಲವಾಗಿ ಬದಲಿಸಿದ್ದು ಧ್ವನಿಸುರುಳಿ, ಮತ್ತು ಅದರೊಡನೆ ಬಂದ ಒಂದು ಕಂಠ. ಗುಂಡ್ಮಿಯ ಕಾಳಿಂಗ ನಾವಡರು (1958–1990) ನಾರ್ಣಪ್ಪ ಉಪ್ಪೂರರಲ್ಲಿ ಕಲಿತು, ಬಹು ಕಿರಿಯ ವಯಸ್ಸಿನಲ್ಲೇ ಸಾಲಿಗ್ರಾಮ ಮೇಳದ ಪ್ರಧಾನ ಭಾಗವತರಾಗಿ, ‘ನಾಗಶ್ರೀ’ಯಂತಹ ಪ್ರಸಂಗವನ್ನು ತಾವೇ ರಚಿಸಿ, ಹೊಸ ರಾಗಗಳನ್ನು ತಂದು, ಮೂವತ್ತೆರಡು ತುಂಬುವ ಮೊದಲೇ ಅಪಘಾತದಲ್ಲಿ ಅಳಿದರು. ಅವರನ್ನು ಸಂಪ್ರದಾಯವಾದಿಗಳು ಆಕ್ಷೇಪಿಸಿದುದೂ ಉಂಟು. ಅವರ ಕಂಠ ಸುರುಳಿಗಳಲ್ಲಿ ಉಳಿದುದರಿಂದ, ಮುಂದೆ ಬಂದ ಪ್ರತಿಯೊಬ್ಬ ಹೊಸಬನೂ ಯೌವನದಲ್ಲೇ ನಿಂತುಹೋದ ಒಬ್ಬ ಭಾಗವತನೊಡನೆ ಸೆಣಸಬೇಕಾಯಿತು. ಈ ಹೋಲಿಕೆಯಲ್ಲಿ ನಾವಡರಿಗೆ ವೃದ್ಧಾಪ್ಯದ ಹಾನಿಯಿಲ್ಲ, ಹೊಸಬನಿಗೆ ಪೂರ್ವರಂಗದ ರಕ್ಷೆಯಿಲ್ಲ. ಮೇಳದ ವಿದ್ಯುತ್ ಕೆಲಸದಿಂದ ಭಾಗವತಿಕೆಗೆ ಬಂದ ಸುಬ್ರಹ್ಮಣ್ಯ ಧಾರೇಶ್ವರರು ಆ ನೆರಳಿನಿಂದ ಹೊರಬಂದು ಪೆರ್ಡೂರು ಮೇಳದಲ್ಲಿ ತಮ್ಮದೇ ಮಾರ್ಗವನ್ನು ಸ್ಥಾಪಿಸಿದುದು ಸಣ್ಣ ಸಾಧನೆಯಲ್ಲ.

ಆರಂಭವನ್ನು ನೋಡಿ ಭವಿಷ್ಯ ನುಡಿಯುವ ಚಪಲ ಯಕ್ಷಗಾನಕ್ಕೆ ಮಾತ್ರ ಸೇರಿದುದಲ್ಲ. ಅಮೆರಿಕದ ಫುಟ್‌ಬಾಲಿನಲ್ಲಿ ತಂಡದ ಆಕ್ರಮಣವನ್ನು ನಡೆಸುವ ಕ್ವಾರ್ಟರ್‌ಬ್ಯಾಕ್ ಎಂಬವನು ಹೆಚ್ಚುಕಡಿಮೆ ನಮ್ಮ ಭಾಗವತನ ಸ್ಥಾನದವನು. 1998ರಲ್ಲಿ ಅಲ್ಲಿನ ಹೊಸ ಆಟಗಾರರ ಆಯ್ಕೆಯಲ್ಲಿ ಮೊದಲಿಗನಾದ ಪೇಟನ್ ಮ್ಯಾನಿಂಗ್‌ನ ತಂಡ ಮೊದಲ ನಾಲ್ಕು ಪಂದ್ಯಗಳನ್ನೂ ಸೋತಿತು. ಎರಡನೆಯವನಾದ ರಯಾನ್ ಲೀಫ್‌ನ ತಂಡ ಮೊದಲೆರಡನ್ನು ಗೆದ್ದಿತು. ಮ್ಯಾನಿಂಗ್‌ನ ಎಸೆತಗಳಲ್ಲಿ 28 ಆ ಋತುವಿನಲ್ಲಿ ಎದುರಾಳಿಗಳ ಕೈಸೇರಿದವು. ಆದರೂ ಮುಂದೆ ಐದು ಸಲ ಲೀಗಿನ ಶ್ರೇಷ್ಠನೆನಿಸಿದವನು ಅವನೇ. ಲೀಫ್ 2001ರ ಬಳಿಕ ಆಡಲೇ ಇಲ್ಲ. ಭದ್ರಾವತಿಯ ಗುಂಡಪ್ಪ ವಿಶ್ವನಾಥರು 1969ರಲ್ಲಿ ಕಾನ್ಪುರದಲ್ಲಿ ತಮ್ಮ ಮೊದಲ ಟೆಸ್ಟಿನ ಮೊದಲ ಸರದಿಯಲ್ಲಿ ಸೊನ್ನೆಗೆ ಔಟಾಗಿ ಎರಡನೆಯದರಲ್ಲಿ 137 ಹೊಡೆದರಷ್ಟೆ. ಕ್ರಿಕೆಟಿನ ಕರುಣೆಯೆಂದರೆ ಎರಡನೆಯ ಸರದಿ. ಬಯಲಾಟದಲ್ಲಿ ಅದು ಮರುದಿನ ಬೇರೆ ಊರಿನಲ್ಲಿ, ಬೇರೆ ಪ್ರೇಕ್ಷಕರ ಮುಂದೆ ಬರುತ್ತದೆ.

ಈಚಿನ ದಶಕಗಳಲ್ಲಿ ಕಾಲಮಿತಿಯ ಆಟ ರೂಢವಾಗಿ, ಮೂರು ಗಂಟೆಗಳಲ್ಲಿ ಪ್ರಸಂಗ ಮುಗಿಯಬೇಕಾದುದರಿಂದ ಪೂರ್ವರಂಗವು ಬಹುತೇಕ ಲೋಪವಾಗಿದೆ. ಸಂಗೀತಗಾರನ ಹೊತ್ತೂ ಅದರೊಡನೆ ಹೋಯಿತು. ಅದಕ್ಕೆ ಪ್ರತಿಯಾಗಿ ದ್ವಂದ್ವ ಭಾಗವತಿಕೆ ಬಂದಿದೆ: ಇಬ್ಬರು ಭಾಗವತರು ಒಂದೇ ರಂಗಸ್ಥಳದಲ್ಲಿ ಕುಳಿತು, ಒಂದೇ ಪದ್ಯದ ಚರಣಗಳನ್ನು ಸರದಿಯಿಂದ ಎತ್ತುತ್ತಾರೆ. ಇಲ್ಲಿ ಹೊಸಬನು ಹಿರಿಯನ ಪಕ್ಕದಲ್ಲೇ ಅಳೆಯಲ್ಪಡುತ್ತಾನಾದರೂ ಅಳತೆಗೆ ಸಿಕ್ಕುವುದು ಅವನ ರಾಗವಿಸ್ತಾರವಷ್ಟೆ. ಆಟವನ್ನು ಬೆಳಗಿನವರೆಗೆ ನಡೆಸಬಲ್ಲನೇ ಎಂಬುದನ್ನು ತಿಳಿಯಲು ಈಗಲೂ ಹರಕೆಯಾಟಗಳಿಗೇ, ಜಾತ್ರೆಯ ರಾತ್ರಿಗಳಿಗೇ ಹೋಗಬೇಕು.