ಬುಕ್ಕರಾಯನ ಧರ್ಮಶಾಸನವೂ ಬಸದಿಗಳ ರಕ್ಷಣೆಯೂ

ಹೊಯ್ಸಳ ನರಸಿಂಹನ ಭಂಡಾರಿಯಾಗಿದ್ದ ಹುಳ್ಳನು 1159ರಲ್ಲಿ ಕಟ್ಟಿಸಿದ ಶ್ರವಣಬೆಳಗೊಳದ ಭಂಡಾರಿ ಬಸದಿಗೆ ಬರುವ ಯಾತ್ರಿಕರ ಕಣ್ಣು ಚತುರ್ವಿಂಶತಿ ತೀರ್ಥಂಕರರ ಬಿಂಬಗಳ ಮೇಲೆ ನೆಲೆಸುವುದು ಸಹಜ. ಆ ಬಸದಿಯ ಬಳಿಯೇ ನಿಂತಿರುವ ಒಂದು ಶಿಲಾಶಾಸನವನ್ನು ಓದುವವರು ವಿರಳ. ಶಕವರ್ಷ 1290ನೆಯ ಕೀಲಕ ಸಂವತ್ಸರದ ಭಾದ್ರಪದ ಶುದ್ಧ ದಶಮಿಯಂದು, ಅಂದರೆ ಕ್ರಿ.ಶ. 1368ರಲ್ಲಿ, ವಿಜಯನಗರದ ವೀರ ಬುಕ್ಕರಾಯನ ಆಳ್ವಿಕೆಯಲ್ಲಿ ಹುಟ್ಟಿದ ಶಾಸನವದು. ಒಂದು ಸಮುದಾಯದ ಹಕ್ಕನ್ನು ರಾಜಾಜ್ಞೆಯಿಂದ ಗುರುತಿಸಿ ಕಲ್ಲಿನಲ್ಲಿ ನಿಲ್ಲಿಸಿದ ಇಷ್ಟು ಸ್ಪಷ್ಟವಾದ ದಾಖಲೆ ಕನ್ನಡ ನಾಡಿನಲ್ಲಿ ಅಪರೂಪ.

ಜೈನರಿಗೂ ಭಕ್ತರಿಗೂ, ಎಂದರೆ ಶ್ರೀವೈಷ್ಣವರಿಗೂ, ವಿವಾದವೊದಗಿತ್ತು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹದ ಪಟ್ಟಣ ಮೊದಲಾದ ಸಮಸ್ತ ನಾಡುಗಳ ಭವ್ಯಜನರು ಭಕ್ತರಿಂದ ತಮಗೊದಗಿದ ಅನ್ಯಾಯವನ್ನು ಅರಸನಲ್ಲಿ ಬಿನ್ನವಿಸಿಕೊಂಡರು. ತೀರ್ಪಿನಿಂದ ತಿಳಿದುಬರುವಂತೆ ಪಂಚಮಹಾವಾದ್ಯ ಮತ್ತು ಕಲಶದ ಮರ್ಯಾದೆಯೂ ವಿವಾದದ ವಿಷಯವಾಗಿತ್ತು. ವಾದ್ಯವೂ ಕಲಶವೂ ಇಂದು ಉತ್ಸವದ ಸೊಬಗಿನಂತೆ ಮಾತ್ರ ಕಂಡೀತು. ಆ ಕಾಲದಲ್ಲಿ ಅವು ಒಂದು ಧರ್ಮಕ್ಕೆ ಊರ ಬೀದಿಯಲ್ಲಿ ತಲೆಯೆತ್ತಿ ನಡೆಯುವ ಅಧಿಕಾರದ ಕುರುಹುಗಳು.

ಬುಕ್ಕರಾಯನು ಎರಡೂ ಪಕ್ಷದವರನ್ನು ಎದುರಿಗಿಟ್ಟುಕೊಂಡನು. ಕೋವಿಲ್, ತಿರುಮಲೆ, ಪೆರುಮಾಳ್ ಕೋವಿಲ್, ತಿರುನಾರಾಯಣಪುರ ಮುಖ್ಯವಾದ ಕ್ಷೇತ್ರಗಳ ಆಚಾರ್ಯರೊಡನೆ ತಿರುಕುಲ, ಜಾಂಬವಕುಲದವರೂ ಸೇರಿ ಹದಿನೆಂಟು ನಾಡಿನ ಶ್ರೀವೈಷ್ಣವರು ಅಲ್ಲಿದ್ದರು. ಅರಸನು ಜೈನರ ಕೈಯನ್ನು ಹಿಡಿದು ಶ್ರೀವೈಷ್ಣವರ ಕೈಯಲ್ಲಿ ಕೊಟ್ಟನು. ವೈಷ್ಣವದರ್ಶನಕ್ಕೂ ಜೈನದರ್ಶನಕ್ಕೂ ಭೇದವಿಲ್ಲವೆಂದೂ, ಪೂರ್ವಮರ್ಯಾದೆಯಂತೆ ಪಂಚಮಹಾವಾದ್ಯಗಳೂ ಕಲಶವೂ ಜೈನದರ್ಶನಕ್ಕೆ ಸಲ್ಲುವುವೆಂದೂ, ಭಕ್ತರ ದೆಸೆಯಿಂದ ಜೈನದರ್ಶನಕ್ಕೆ ಹಾನಿಯಾದರೂ ವೃದ್ಧಿಯಾದರೂ ವೈಷ್ಣವರು ಅದನ್ನು ತಮ್ಮದೆಂದೇ ಭಾವಿಸಿ ಪಾಲಿಸಬೇಕೆಂದೂ ವಿಧಿಸಿದನು. ಯಾರ ವಿರುದ್ಧ ದೂರು ಬಂದಿತ್ತೋ ಅವರನ್ನೇ ಕಾವಲಿಗೆ ನಿಲ್ಲಿಸಿದುದು ಈ ತೀರ್ಪಿನ ಜಾಣ್ಮೆ. ರಾಮಾನುಜಾಚಾರ್ಯರ ಸ್ತುತಿಪದ್ಯದಿಂದ ಶಾಸನವು ಆರಂಭವಾಗುವುದೂ ಗಮನಾರ್ಹ. ಜೈನಕ್ಷೇತ್ರದ ನಡುವೆ ಆ ಪದ್ಯ ನಿಂತಿರುವುದನ್ನು ಕಂಡು ಯಾರೂ ಮುಖ ಸಿಂಡರಿಸಬೇಕಾಗಿಲ್ಲ. ವಚನ ಕೊಟ್ಟವರು ತಮ್ಮ ಗುರುವಿನ ಹೆಸರಿನ ಸಾಕ್ಷಿಯಲ್ಲಿ ಕೊಟ್ಟಿದ್ದಾರೆಂದು ತಿಳಿದರೆ ಸಾಕು.

ಕೇವಲ ಸೌಹಾರ್ದದ ಮಾತಿಗೆ ಶಾಸನ ನಿಲ್ಲುವುದಿಲ್ಲ. ವೆಚ್ಚದ ಲೆಕ್ಕವೂ ಅದರಲ್ಲಿದೆ. ತಿರುಮಲೆಯ ತಾತಯ್ಯನವರು ಸಮಸ್ತ ರಾಜ್ಯದ ಭವ್ಯಜನರ ಅನುಮತಿಯಿಂದ ಜೈನರ ಮನೆಮನೆಗೆ ವರ್ಷಕ್ಕೆ ಒಂದು ಹಣದಂತೆ ಎತ್ತಬೇಕು. ಹಾಗೆ ಎತ್ತಿದ ಹೊನ್ನಿನಿಂದ ಬೆಳಗೊಳದಲ್ಲಿ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳನ್ನು ಇಡಬೇಕು. ಮಿಕ್ಕುದರಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಹಣವು ಜೈನರದು, ಎತ್ತುವವನು ವೈಷ್ಣವ, ಅನುಮತಿಯು ಮತ್ತೆ ಜೈನರದೇ. ಇದನ್ನು ಮೀರಿದವನು ರಾಜದ್ರೋಹಿ, ಸಂಘ ಸಮುದಾಯಕ್ಕೆ ದ್ರೋಹಿ. ಧರ್ಮವನ್ನು ಕೆಡಿಸುವವನು ತಪಸ್ವಿಯಾಗಲಿ ಗ್ರಾಮಣಿಯಾಗಲಿ ಪಾಪಕ್ಕೆ ಗುರಿಯಾಗುವನೆಂದು ಹೇಳಿ, ಒಳಗಿನವರ ಅಲಕ್ಷ್ಯವನ್ನೂ ಶಾಸನವು ಮನ್ನಿಸದು.

ಕಲ್ಲೆಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿಯ ಹೆಸರು ಶಾಸನದ ಕೊನೆಯಲ್ಲಿ ಬರುತ್ತದೆ. ಅವನು ಬುಕ್ಕರಾಯನಿಗೆ ಬಿನ್ನವಿಸಿ, ತಿರುಮಲೆಯ ತಾತಯ್ಯನವರನ್ನು ಬರಮಾಡಿಸಿ ಶಾಸನದ ಜೀರ್ಣೋದ್ಧಾರವನ್ನು ಮಾಡಿಸಿದನು. ಎರಡೂ ಸಮಯದವರು ಕೂಡಿ ಅವನಿಗೆ ಸಂಘನಾಯಕ ಪಟ್ಟವನ್ನು ಕಟ್ಟಿದರು. ಅರಸನ ಆಜ್ಞೆಯ ಬೆನ್ನು ಹತ್ತಿ ಅದನ್ನು ನೆಲೆಗೊಳಿಸುವುದಕ್ಕೂ ಒಬ್ಬ ಗೃಹಸ್ಥನ ಓಡಾಟ ಬೇಕಾಯಿತು.

ಇಂದಿನ ಭಾರತದಲ್ಲಿ ಅರಸನ ಸ್ಥಾನದಲ್ಲಿ ಸಂವಿಧಾನವಿದೆ. ಧಾರ್ಮಿಕ ಪಂಗಡಗಳು ತಮ್ಮ ಧರ್ಮಕಾರ್ಯಗಳನ್ನು ತಾವೇ ನಡೆಸುವ ಹಕ್ಕನ್ನು 26ನೆಯ ಅನುಚ್ಛೇದವೂ, ತಮ್ಮ ಭಾಷೆ, ಲಿಪಿ, ಸಂಸ್ಕೃತಿಗಳನ್ನು ಉಳಿಸಿಕೊಳ್ಳುವ ಹಕ್ಕನ್ನು 29ನೆಯ ಅನುಚ್ಛೇದವೂ ನೀಡಿವೆ. 1954ರಲ್ಲಿ ರತಿಲಾಲ್ ಪಾನಾಚಂದ್ ಗಾಂಧಿಯವರ ಮೊಕದ್ದಮೆಯಲ್ಲಿ, ಜೈನ ದೇವಾಲಯವೊಂದರ ವ್ಯವಸ್ಥಾಪಕರು ಮುಂಬಯಿಯ ಸಾರ್ವಜನಿಕ ನ್ಯಾಸಗಳ ಕಾನೂನನ್ನು ಪ್ರಶ್ನಿಸಿದಾಗ, ಧಾರ್ಮಿಕ ಆಸ್ತಿಯ ಆಡಳಿತವನ್ನು ಸರ್ಕಾರವು ನಿಯಂತ್ರಿಸಬಹುದಾದರೂ ಅದನ್ನು ಪಂಗಡದ ಕೈಯಿಂದ ಸಂಪೂರ್ಣವಾಗಿ ಕಿತ್ತು ಬೇರೊಬ್ಬರಿಗೆ ವಹಿಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿತು. 2014ರ ಜನವರಿಯಲ್ಲಿ ಕೇಂದ್ರ ಸರ್ಕಾರವು ಜೈನರನ್ನು ಅಲ್ಪಸಂಖ್ಯಾತ ಸಮುದಾಯವೆಂದು ಅಧಿಸೂಚಿಸಿತು.

ಕಲ್ಲನ್ನು ಕಾಯುವ ಕಾನೂನು ಬೇರೆ. 1904ರ ಪ್ರಾಚೀನ ಸ್ಮಾರಕಗಳ ಕಾಯಿದೆಯ ತರುವಾಯ 1958ರಲ್ಲಿ ಕೇಂದ್ರದ ಕಾಯಿದೆಯೂ 1961ರಲ್ಲಿ ರಾಜ್ಯದ ಕಾಯಿದೆಯೂ ಬಂದವು. 1958ರ ಕಾಯಿದೆಯ 16ನೆಯ ಕಲಮಿನಂತೆ, ಸರ್ಕಾರವು ಕಾಪಾಡುವ ಪೂಜಾಸ್ಥಳವನ್ನು ಅದರ ಸ್ವರೂಪಕ್ಕೆ ಹೊಂದದ ಯಾವ ಉದ್ದೇಶಕ್ಕೂ ಬಳಸುವಂತಿಲ್ಲ. 2010ರ ತಿದ್ದುಪಡಿಯು ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರುಗಳನ್ನು ನಿಷೇಧಿತ ಪ್ರದೇಶವನ್ನಾಗಿಸಿದೆ. ಆದರೆ ಶಿಲೆಗೆ ದೊರೆಯುವ ರಕ್ಷಣೆ ಆಚರಣೆಗೆ ತಾನಾಗಿ ದೊರೆಯುವುದಿಲ್ಲ. ಚಂದ್ರಗಿರಿಯ ಶಾಸನಗಳು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದಿನಿಂದ ಸಲ್ಲೇಖನವನ್ನು ಗೌರವದಿಂದ ದಾಖಲಿಸಿವೆ. ಆ ವ್ರತವನ್ನೇ 2015ರ ಆಗಸ್ಟ್ 10ರಂದು ರಾಜಸ್ಥಾನ ಉಚ್ಚ ನ್ಯಾಯಾಲಯವು ಆತ್ಮಹತ್ಯೆಗೆ ಸಮವೆಂದು ಎಣಿಸಿತು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆ ನೀಡಿತು. ವ್ರತದ ಪ್ರಾಚೀನತೆಗೆ ಸಾಕ್ಷಿ ಹೇಳಬಲ್ಲುವು ಬೆಟ್ಟದ ಮೇಲಿನ ಆ ಬರೆಹಗಳೇ.

ಸಂರಕ್ಷಿತ ಪಟ್ಟಿಗೆ ಸೇರದ ಹಳ್ಳಿಯ ಬಸದಿಗಳ ಹೊಣೆ ಊರಿನ ಶ್ರಾವಕರ ಮೇಲೆಯೇ ಉಳಿಯುತ್ತದೆ. ನೂರು ವರ್ಷ ದಾಟಿದ ಬಿಂಬಗಳನ್ನೂ 75 ವರ್ಷ ಮೀರಿದ ಹಸ್ತಪ್ರತಿಗಳನ್ನೂ 1972ರ ಪ್ರಾಚ್ಯವಸ್ತು ಕಾಯಿದೆಯು ತನ್ನ ವ್ಯಾಪ್ತಿಗೆ ತಂದು, ಖಾಸಗಿಯವರು ಅವನ್ನು ಹೊರದೇಶಕ್ಕೆ ಸಾಗಿಸುವುದನ್ನು ನಿಷೇಧಿಸಿದೆ. ಆದರೆ ಕಳವಾದ ಬಿಂಬವನ್ನು ಇದು ಇಂಥ ಬಸದಿಯದೆಂದು ತೋರಿಸಲು ಛಾಯಾಚಿತ್ರವೂ, ಅಳತೆಯೂ, ಪೀಠದ ಬರೆಹದ ನಕಲೂ ಬೇಕು. ಜೀರ್ಣೋದ್ಧಾರದ ಉತ್ಸಾಹದಲ್ಲಿ ಹಳೆಯ ಗೋಡೆಗೆ ಸಿಮೆಂಟು ಮೆತ್ತಿ, ಶಾಸನದ ಮೇಲೆ ಬಣ್ಣ ಬಳಿದು ಅಕ್ಷರಗಳನ್ನು ಮುಚ್ಚುವುದು ಕಳವಿಗಿಂತ ಕಡಮೆಯ ನಷ್ಟವೇನೂ ಅಲ್ಲ.

ರಾಜ್ಯದ ಎಲ್ಲ ಬಸದಿಗಳಲ್ಲೂ ತನ್ನ ತೀರ್ಪಿನ ಶಾಸನವನ್ನು ನೆಡಬೇಕೆಂದು ಬುಕ್ಕರಾಯನು ವಿಧಿಸಿದ್ದನು. ಬೆಳಗೊಳದ ಕಲ್ಲಲ್ಲದೆ ಮಾಗಡಿ ತಾಲ್ಲೂಕಿನ ಕಲ್ಯದಲ್ಲಿಯೂ ಆ ಒಪ್ಪಂದದ ಕಲ್ಲೊಂದು ದೊರೆತಿದೆ. ವಿದ್ವಾಂಸರು ಬುಸುವಿಸೆಟ್ಟಿಯ ಕಲ್ಲೆಹವೆಂದು ಗುರುತಿಸುವುದು ಆ ಊರನ್ನೇ.